ಮಗಳಿಗೆ ಕೊಟ್ಟ ಕುಂಬಳಕಾಯಿ ವೇಷ

ಕನ್ನಡದವರು ಏನು ಶುರು ಮಾಡಿದರೂ ಕೊನೆಗೆ ಅದಕ್ಕೊಂದು ವೇದಿಕೆ ಬೇಕು, ಮೈಕು ಬೇಕು, ಶಾಲು ಹೊದಿಸಿಕೊಳ್ಳಲು ಒಬ್ಬರು ಬೇಕು. ನಾಲ್ಕು ಮಕ್ಕಳು ತಮ್ಮ ಪಾಡಿಗೆ ಹುಲ್ಲಿನ ಮೇಲೆ ಆಡಿಕೊಂಡಿದ್ದರೆ ಅದನ್ನು ನೋಡಿ ಸುಮ್ಮನಿರುವ ಅಭ್ಯಾಸ ನಮಗಿಲ್ಲ. ಇದನ್ನು ನಾನು ಕೋಪದಲ್ಲೇ ಬರೆಯುತ್ತಿದ್ದೇನೆ. ಇಳಿದ ಮೇಲೆ ಬರೆಯೋಣ ಎಂದು ಕಾದೆ, ಇಳಿಯಲಿಲ್ಲ.

ನಾವಿರುವುದು ಕಡಲಾಚೆ, ಪ್ಲೇನ್‌ಫೀಲ್ಡ್ ಎಂಬ ಊರಿನಲ್ಲಿ. ಶನಿವಾರ ಬೆಳಿಗ್ಗೆ ಪಾರ್ಕಿನ ಕಟ್ಟಡದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಕನ್ನಡ ಶಾಲೆ ನಡೆಸುತ್ತೇವೆ. ಮಕ್ಕಳು ಅಕ್ಷರ ತಿದ್ದುತ್ತಾರೆ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ, ಮನೆಗೆ ಹೋಗುತ್ತಾರೆ. ನನ್ನ ಮಗಳು ಆಗ ಮೂರನೇ ಕ್ಲಾಸು. ಗುಂಡಗಿದ್ದಳು. ಕೆನ್ನೆ, ತೋಳು ಎಲ್ಲ ನಮ್ಮ ಅತ್ತೆಯವರ ಕಡೆಯದು. ಅವಳನ್ನು ನೋಡುವ ಮಕ್ಕಳ ಡಾಕ್ಟರು, ಬೆಳೆಯುವ ಮಗು, ತಿನ್ನಲಿ, ಆಡಲಿ ಎಂದಷ್ಟೇ ಹೇಳುತ್ತಿದ್ದರು.

ಆದರೆ ನಮ್ಮ ಜನರ ಮನೆಗೆ ಊಟಕ್ಕೆ ಹೋಗಿ ನೋಡಿ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಬ್ಬ ಆಂಟಿ, "ಏನೇ, ಇನ್ನೂ ದಪ್ಪ ಆಗಿದೀಯಲ್ಲೇ?" ಎನ್ನುತ್ತಾರೆ. ಊಟಕ್ಕೆ ಕೂತಾಗ ಅದೇ ಆಂಟಿ, "ಇನ್ನೊಂದು ಪೂರಿ ಹಾಕಿಸ್ಕೋ, ಏನೂ ತಿಂದೇ ಇಲ್ಲ ನೀನು" ಎಂದು ತಟ್ಟೆಗೆ ಬಡಿಸುತ್ತಾರೆ. ಎಂಟು ವರ್ಷದ ಮಗು ಯಾವ ಮಾತನ್ನು ನಂಬಬೇಕು? ನನ್ನ ಮಗಳಿಗೆ ಬರುವ ಕನ್ನಡ ಕಡಿಮೆ. ದಪ್ಪ ಅನ್ನುವ ಪದ ಮಾತ್ರ ಯಾರೂ ತಿದ್ದಿಸದೆಯೇ ಬಂದುಬಿಟ್ಟಿತ್ತು.

ಓಟ ಎಂದರೆ ಅವಳಿಗಾಗುತ್ತಿರಲಿಲ್ಲ. ಶಾಲೆಯಲ್ಲಿ ಮೈದಾನ ಸುತ್ತಿಸಿದ ದಿನ ಮುಖ ಊದಿಸಿಕೊಂಡು ಬರುತ್ತಿದ್ದಳು. ಎಲ್ಲರೂ ಮುಗಿಸಿ ನಿಂತು ನೋಡುತ್ತಿರುವಾಗ ತಾನೊಬ್ಬಳೇ ಓಡುವುದು ಹೇಗಿರುತ್ತದೆ ಎಂದು ಒಮ್ಮೆ ಹೇಳಿದ್ದಳು. ಆ ಬೇಸಿಗೆಯಲ್ಲಿ ನಾನು ಕನ್ನಡ ಶಾಲೆ ಮುಗಿದ ಮೇಲೆ ಹೊರಗಿನ ಹುಲ್ಲಿನಲ್ಲಿ ಖೋ ಖೋ ಶುರು ಮಾಡಿದ್ದು ನಿಜ ಹೇಳಬೇಕೆಂದರೆ ಅವಳೊಬ್ಬಳಿಗಾಗಿ. ಉಳಿದ ಮಕ್ಕಳು ಬಂದದ್ದು ನನ್ನ ಪುಣ್ಯ. ಬಳ್ಳಾರಿ ಕಡೆಯ ಒಂದು ಮುಸ್ಲಿಂ ಮನೆಯ ಅಕ್ಕತಂಗಿಯರು ಬಂದರು, ದಾವಣಗೆರೆಯವರ ಅವಳಿ ಹುಡುಗರು ಬಂದರು, ಆಟಕ್ಕೆ ಸಾಕಾಗುವಷ್ಟು ಜನ ಆದರು. ಮೈಸೂರಿನಲ್ಲಿ ಹೈಸ್ಕೂಲಿನ ತಂಡದಲ್ಲಿ ಆಡಿದವಳು ನಾನು. ಹತ್ತಿರದ ಲೈಲ್ ಊರಿನ ಆಫೀಸಿನಲ್ಲಿ ವಾರವಿಡೀ ಕುರ್ಚಿಗೆ ಅಂಟಿಕೊಂಡಿದ್ದ ಮೈಗೂ ಅದು ಬೇಕಾಗಿತ್ತು.

ಓಡುವುದರಲ್ಲಿ ಮಗಳು ಹಿಂದೆಯೇ. ಆದರೆ ಖೋ ಖೋದಲ್ಲಿ ಓಟವೊಂದೇ ಸಾಲದು. ಅಟ್ಟಿಸಿಕೊಂಡು ಹೋಗುವವರು ಹಿಂದೆ ತಿರುಗುವಂತಿಲ್ಲ, ಕೂತವರ ಸಾಲಿನ ನಡುವೆ ನುಗ್ಗುವಂತಿಲ್ಲ. ಎದುರಾಳಿ ಆ ಕಡೆಗೆ ನುಸುಳಿದರೆ, ಸಾಲಿನಲ್ಲಿ ಕೂತ ಜೊತೆಗಾರರ ಬೆನ್ನು ತಟ್ಟಿ ಖೋ ಎಂದು ಅವರನ್ನು ಎಬ್ಬಿಸಬೇಕು. ಯಾರ ಬೆನ್ನು, ಯಾವ ಗಳಿಗೆಯಲ್ಲಿ? ಅದು ನನ್ನ ಮಗಳಿಗೆ ತಾನಾಗಿ ಗೊತ್ತಿತ್ತು. ಓಡುವ ಹುಡುಗ ಒಂದು ಕಡೆಗೆ ವಾಲುವವರೆಗೂ ತಡೆದು, ಅವನು ಕಾಲಿಟ್ಟ ಮರುಕ್ಷಣ ಖೋ ಕೊಡುತ್ತಿದ್ದಳು. ಸಿಕ್ಕಿಬಿದ್ದವನು ಪೆಚ್ಚಾಗಿ ನಿಲ್ಲುತ್ತಿದ್ದ. ತಂಡ ಆರಿಸುವಾಗ ಎಲ್ಲರೂ ಮೊದಲು ಕೂಗುತ್ತಿದ್ದದ್ದು ಅವಳ ಹೆಸರನ್ನು. ನನ್ನ ಮಗಳನ್ನು ಯಾರಾದರೂ ಮೊದಲು ಆರಿಸಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆಟ ಮುಗಿದ ಮೇಲೆ ಕೋಸಂಬರಿ, ಕಲ್ಲಂಗಡಿ, ನೀರು ಮಜ್ಜಿಗೆ. ನಮ್ಮವರ ಅಂಗಡಿಗಳಿರುವ ಡೆವನ್ ಅವೆನ್ಯೂಗೆ ಹೋದ ವಾರವಾದರೆ ಸೀಬೆಕಾಯಿಗೆ ಉಪ್ಪು ಖಾರ. ಮನೆಯಲ್ಲಿ ಸೌತೆಕಾಯಿ ಕಂಡರೆ ಮೂಗು ಮುರಿಯುವ ಮಕ್ಕಳು ಪಾತ್ರೆ ಬಳಿದು ತಿನ್ನುತ್ತಿದ್ದವು. ಹಸಿದಿದ್ದವು, ತಿಂದವು, ಅಷ್ಟೇ. ಇದು ಆರೋಗ್ಯಕ್ಕೆ ಒಳ್ಳೆಯದು ಎಂದು ಯಾರೂ ಭಾಷಣ ಮಾಡಲಿಲ್ಲ. ಮಗಳು ಎರಡನೇ ಸಲ ಹಾಕಿಸಿಕೊಂಡಾಗ ಯಾರೂ ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಸೆಪ್ಟೆಂಬರಿನಲ್ಲಿ ಇದು ನಮ್ಮ ಕನ್ನಡ ಬಳಗದ ಡಾಕ್ಟರಮ್ಮನ ಕಣ್ಣಿಗೆ ಬಿತ್ತು. ಹುಬ್ಬಳ್ಳಿ ಕಡೆಯವರು, ನನಗಿಂತ ಹಿರಿಯರು, ಕನ್ನಡ ಶಾಲೆಯ ಸಮಿತಿಯಲ್ಲಿ ಅವರದೇ ಮಾತು. ಕೆಟ್ಟವರು ಎಂದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ಯಾರ ಮನೆಯಲ್ಲಿ ಜ್ವರ ಬಂದರೂ ಮೊದಲ ಫೋನು ಹೋಗುವುದು ಅವರಿಗೇ. ಅವರು ಸ್ವಲ್ಪ ಹೊತ್ತು ನಿಂತು ಆಟ ನೋಡಿ ಚಪ್ಪಾಳೆ ತಟ್ಟಿದರು.

"ಭಾಳ ಛಲೋ ಮಾಡೀರಿ. ಇದನ್ನ ರಾಜ್ಯೋತ್ಸವಕ್ಕ ಸ್ಟೇಜ್ ಮ್ಯಾಲ ತರೋಣ್ರೀ."

"ಖೋ ಖೋನ ಸ್ಟೇಜ್ ಮೇಲೆ ಹೇಗೆ ಆಡ್ತಾರೆ ಡಾಕ್ಟ್ರೇ?" ಎಂದೆ.

"ಆಡೂದ್ ಬ್ಯಾಡ್ರಿ. ಮಕ್ಕಳ ಆರೋಗ್ಯ ಅಂತ ಥೀಮ್ ಇಡೋಣ. ತರಕಾರಿ ವೇಷ ಹಾಕ್ಸೋಣ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರಲ್ಲ, ಹಾಗೆ. ಮುಂದಿನ ಶನಿವಾರದಿಂದ ಖೋ ಖೋ ಹೊತ್ತಿನಲ್ಲಿ ರಿಹರ್ಸಲ್. ಬಿಸಿಲಿರುವ ಕೊನೆಯ ವಾರಗಳನ್ನು ಮಕ್ಕಳು ಕೋಣೆಯೊಳಗೆ ಸಾಲಾಗಿ ನಿಂತು ಕಳೆದರು. ಡಾಕ್ಟರು ಎಲ್ಲರೆದುರೇ ವೇಷ ಹಂಚಿದರು. ಅವಳಿ ಹುಡುಗರು ಬೀನ್ಸು, ಬಳ್ಳಾರಿಯ ಅಕ್ಕತಂಗಿಯರು ಕ್ಯಾರೆಟ್ ಮತ್ತು ಬದನೆಕಾಯಿ. ನನ್ನ ಮಗಳ ಕೆನ್ನೆ ಹಿಂಡಿ, "ಇಕಿ ನಮ್ಮ ಕುಂಬಳಕಾಯಿ!" ಎಂದರು. ಅಮ್ಮಂದಿರೆಲ್ಲ ನಕ್ಕರು.

ಕಾರಿನಲ್ಲಿ ಮಗಳು ಕೇಳಿದ್ದು ಒಂದೇ ಪ್ರಶ್ನೆ: "ವೈ ಮಿ?"

ಆ ಸಂಜೆಯೇ ಡಾಕ್ಟರಿಗೆ ಫೋನ್ ಮಾಡಿದೆ. "ಬೇರೆ ಏನಾದ್ರೂ ಕೊಡಿ ಡಾಕ್ಟ್ರೇ. ಅವಳಿಗೆ ಬೇಜಾರಾಗಿದೆ."

"ಅಯ್ಯ, ಸಣ್ ಹುಡುಗ್ರಿಗೆ ಅದೆಲ್ಲಿ ತಿಳೀತದ್ರೀ? ನಿಮಗ ಅನಿಸೇತಿ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡಂಗಾತು!" ಎಂದು ಜೋರಾಗಿ ನಕ್ಕರು.

ಗಾದೆಯೇನೋ ಸರಿಯಾಗಿಯೇ ಕೂತಿತ್ತು. ಹಾಗಾದರೆ ಅವಳು ಬರುವುದಿಲ್ಲ ಎಂದು ಹೇಳಿದೆ. ಆದರೆ ಮಗಳೇ ಹಟ ಹಿಡಿದಳು. ಗೆಳತಿಯರೆಲ್ಲ ಸ್ಟೇಜ್ ಮೇಲಿರುವಾಗ ತಾನು ಮಾತ್ರ ಕೆಳಗೆ ಕೂರುವುದೇ? ತನ್ನ ತಂಡವನ್ನು ಬಿಡಲು ಅವಳು ತಯಾರಿರಲಿಲ್ಲ. ಅವಳ ಪಾಲಿಗೆ ಅವರಿನ್ನೂ ಖೋ ಖೋ ತಂಡವೇ ಆಗಿದ್ದರು.

ನವೆಂಬರಿನ ಆ ಭಾನುವಾರ ಶಾಲೆಯೊಂದರ ಆಡಿಟೋರಿಯಮ್ಮಿನಲ್ಲಿ ದೀಪ ಬೆಳಗಿಸಿದರು, ನಾಡಗೀತೆ ಹಾಡಿದರು, ಅತಿಥಿಗಳು ಒಬ್ಬರಾದ ಮೇಲೊಬ್ಬರು ಎದ್ದು, ಇಂದಿನ ಮಕ್ಕಳು ಕೂತಲ್ಲೇ ಕೂರುತ್ತಾರೆ, ಓಡಾಡುವುದಿಲ್ಲ ಎಂದು ಕೊರಗಿದರು. ಅಷ್ಟು ಹೊತ್ತೂ ಮಕ್ಕಳು ಫೋಮಿನ ವೇಷದೊಳಗೆ ಬೆವರುತ್ತಾ ಪರದೆಯ ಹಿಂದೆ ಕೂತಿದ್ದರು. ತಮ್ಮ ಸರದಿ ಬಂದಾಗ ಕ್ಯಾರೆಟ್ಟಿಗೆ ತನ್ನ ಮಾತು ಮರೆತುಹೋಯಿತು. ಬೀನ್ಸುಗಳು ಒಂದನ್ನೊಂದು ತಳ್ಳಿಕೊಂಡು ನಿಂತವು. ಡಾಕ್ಟರೇ ಮೈಕ್ ಹಿಡಿದು ಒಂದೊಂದು ತರಕಾರಿಯನ್ನೂ ಪರಿಚಯಿಸಲು ಶುರು ಮಾಡಿದರು. ಮಗಳು ಕಿತ್ತಳೆ ಬಣ್ಣದ ದುಂಡನೆಯ ವೇಷದಲ್ಲಿ ಮುಂದೆ ಬಂದಳು.

"ನೋಡ್ರಿ, ನಮ್ಮ ಕುಂಬಳಕಾಯಿ! ದಪ್ಪ ಐತಿ, ಆದ್ರ ಭಾಳ ಒಳ್ಳೇದೈತಿ!"

ಇಡೀ ಸಭೆ ನಕ್ಕಿತು. ಕೆಟ್ಟ ನಗುವೇನಲ್ಲ, ಮುದ್ದಿನ ನಗು. ಮುದ್ದಿನ ನಗುವಿಗೆ ತಿರುಗಿ ಬೈಯುವುದು ಹೇಗೆ? ನನ್ನ ಮನೆಯವರು ಫೋನಿನಲ್ಲಿ ವಿಡಿಯೋ ಹಿಡಿಯುತ್ತಿದ್ದವರು, "ಬಿಡೇ, ಅವಳೂ ನಗ್ತಿದಾಳೆ" ಎಂದರು. ಹೌದು, ನಗುತ್ತಿದ್ದಳು. ಆ ವಯಸ್ಸಿನಲ್ಲಿ ಅಷ್ಟು ಜನರೆದುರು ಮತ್ತೇನು ಮಾಡಲಾದೀತು?

ಆಮೇಲೆ ಊಟ. ದೊಡ್ಡವರಿಗೆ ಬಿಸಿಬೇಳೆ ಬಾತು, ಹೋಳಿಗೆ, ಜಾಮೂನು. ಮಕ್ಕಳಿಗೆ ಎಂದಿನಂತೆ ಬೇರೆ ಟೇಬಲ್ಲು, ಪಿಜ್ಜಾ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆ ನಮಗೆ ಒಪ್ಪುವುದಿಲ್ಲ. ನಮ್ಮಲ್ಲಿ ಬದನೆಕಾಯಿಯನ್ನೂ ಯಾರೂ ತಿನ್ನಲಿಲ್ಲ.

ಮುಂದಿನ ಶನಿವಾರ ಚಳಿಯಿದ್ದರೂ ಮಕ್ಕಳನ್ನು ಹೊರಗೆ ಕರೆದೆ. ತಂಡ ಆರಿಸುವಾಗ ಅವಳಿಗಳಲ್ಲಿ ಒಬ್ಬ, "ಐ ವಾಂಟ್ ಪಂಪ್ಕಿನ್!" ಎಂದು ಕೂಗಿದ. ಪಾಪ, ಅವನು ಅವಳನ್ನೇ ಮೊದಲು ಕೇಳಿದ್ದ. ಮಗಳು ಮೊಣಕಾಲು ನೋವು ಎಂದು ಹೇಳಿ ಕಾರಿನಲ್ಲಿ ಹೋಗಿ ಕೂತಳು. ಅದಾದ ಮೇಲೆ ಆಟಕ್ಕೆ ಇಳಿಯಲೇ ಇಲ್ಲ. ಹಿಮ ಬಿತ್ತು, ಹುಲ್ಲು ಮುಚ್ಚಿತು, ಉಳಿದವರ ಆಟವೂ ನಿಂತಿತು.

ಆ ಚಳಿಗಾಲದಲ್ಲಿ ಅವಳ ಊಟದ ಡಬ್ಬಿ ತುಂಬಿದ್ದು ತುಂಬಿದಂತೆ ವಾಪಸು ಬರತೊಡಗಿತು. ಇವತ್ತು ಟೈಮ್ ಸಿಗಲಿಲ್ಲ, ಇವತ್ತು ಸ್ಪೂನ್ ಬಿತ್ತು ಎಂದು ದಿನಕ್ಕೊಂದು ಕಾರಣ. ಬೈದೆ, ಬೇಡಿಕೊಂಡೆ, ತುತ್ತು ಮಾಡಿ ಬಾಯಿಗಿಟ್ಟೆ. ರಾತ್ರಿಯ ಊಟಕ್ಕೆ ದೋಸೆ ಹಾಕಿಕೊಟ್ಟರೆ ಅದನ್ನು ಚೂರು ಚೂರು ಮಾಡಿ ತಟ್ಟೆಯ ಅಂಚಿಗೆ ಸರಿಸುತ್ತಿದ್ದಳು. ಮಕ್ಕಳ ಡಾಕ್ಟರು ತೂಕ ನೋಡಿದವರು ಮೊದಲ ಸಲ ಮುಖ ಗಂಟಿಕ್ಕಿದರು. ಬೆಳೆಯಬೇಕಾದ ಮಗು ಇಳಿಯುತ್ತಿದೆ ಎಂದರೆ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ ಎಂದರು, ಒಬ್ಬ ಕೌನ್ಸೆಲರ್ ಹತ್ತಿರ ಕಳಿಸಿದರು. ನನಗೆ ಭಯವಾಯಿತು. ಈ ದೇಶಕ್ಕೆ ಬಂದ ಮೇಲೆ ನಾನು ಅಷ್ಟು ಹೆದರಿದ್ದಿಲ್ಲ. ಹೋಗುತ್ತಾ ಹೋಗುತ್ತಾ ಮಗಳು ಕೌನ್ಸೆಲರ್ ಹತ್ತಿರ ಸ್ವಲ್ಪ ಬಾಯಿ ಬಿಟ್ಟಳು. ಯುಗಾದಿಯ ಹಿಂದಿನ ವಾರ ಒಂದು ಇಡೀ ಚಪಾತಿ ತಿಂದಳು. ನಾನು ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಯುಗಾದಿ ಕಾರ್ಯಕ್ರಮದ ಬಾಗಿಲಲ್ಲೇ ಡಾಕ್ಟರು ನಿಂತು ಬೇವು ಬೆಲ್ಲ ಕೊಡುತ್ತಿದ್ದರು. ಮಗಳನ್ನು ಕಂಡವರೇ ಕೈಯಲ್ಲಿದ್ದ ಬಟ್ಟಲನ್ನು ಪಕ್ಕಕ್ಕಿಟ್ಟು ಅವಳ ಗಲ್ಲ ಹಿಡಿದೆತ್ತಿದರು.

"ಅಯ್ಯ, ಎಷ್ಟ್ ಛಂದ ಆಗ್ಯಾಳಲ್ರೀ! ಪೂರಾ ಇಳದಾಳ. ನೋಡ್ರಿ, ನಮ್ಮ ಪ್ರೋಗ್ರಾಮ್ ಕೆಲಸ ಮಾಡೇತಿ!" ಪಕ್ಕದ ಆಂಟಿಯರೂ ಹೌದು ಹೌದು ಎಂದು ಹತ್ತಿರ ಬಂದು ಅವಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಡಾಕ್ಟ್ರೇ, ಅವಳಿಗೆ ಹುಷಾರಿಲ್ಲ. ದಯವಿಟ್ಟು ಹಾಗೆಲ್ಲ ಹೇಳ್ಬೇಡಿ" ಎಂದೆ. ನನ್ನ ದನಿ ಏರಿತ್ತು. ಆದರೆ ಮಗಳು ನನ್ನ ಕಡೆ ನೋಡುತ್ತಿರಲಿಲ್ಲ. ಡಾಕ್ಟರನ್ನೇ ನೋಡುತ್ತಿದ್ದಳು. ತಿಂಗಳುಗಟ್ಟಲೆ ನಾನು ಏನೆಲ್ಲ ಮಾಡಿದರೂ ಬಾರದ ನಗು ಅವಳ ಮುಖದ ತುಂಬ ಹರಡಿತ್ತು. "ಥ್ಯಾಂಕ್ಯೂ, ಆಂಟಿ" ಎಂದಳು.

ಊಟದ ಸಾಲು ಆಗಷ್ಟೇ ಶುರುವಾಗಿತ್ತು. ಒಂದು ತಟ್ಟೆ ತೆಗೆದು ಅವಳ ಕೈಗೆ ಕೊಡಲು ಹೋದೆ. ಬೆಳಿಗ್ಗೆಯಿಂದ ಅವಳು ಏನನ್ನೂ ತಿಂದಿರಲಿಲ್ಲ.

"ನೋ ಅಮ್ಮ," ಎಂದಳು, ಇನ್ನೂ ನಗುತ್ತಲೇ. "ಐ ಆಮ್ ಫುಲ್."