ವೇಣುಗೋಪಾಲನ ಎದೆಗೆ ತಾಕಿದ ಎರಡು ಬೆರಳು

ಅಂಬರೀಶನ ಅಪ್ಪ ನಲ್ಲಪ್ಪನಿಗೆ ಕೆಂಚಾರ್ಲಹಳ್ಳಿಯ ಎಷ್ಟೋ ಮನೆಗಳ ಜಗಲಿ ಹತ್ತುವ ಹಾಗಿರಲಿಲ್ಲ. ಅದೇ ಮನೆಗಳವರು ಚಿಂತಾಮಣಿಗೆ ಬಂದು, ಮಗನ ಮುಂದೆ ಅಂಗಿ ಬಿಚ್ಚಿ, ಬೆನ್ನು ಕೊಟ್ಟು ಮಲಗುತ್ತಿದ್ದರು. ಮಹಡಿ ಮೇಲಿನ ಬಾಡಿಗೆ ಕೋಣೆಯಲ್ಲಿ ಬೆಳಗ್ಗೆ ಕುಂಗ್‌ಫು ತರಗತಿ, ಮಧ್ಯಾಹ್ನದ ಮೇಲೆ ಅಕ್ಯುಪ್ರೆಷರ್. ಹೆಬ್ಬೆರಳು ಊರಿ ನೋವು ಬಿಡಿಸುವುದರಲ್ಲಿ ಅವನ ಕೈಗುಣ ಒಳ್ಳೆಯದು ಎಂದು ಶಿಡ್ಲಘಟ್ಟದಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು.

ಎರಡನ್ನೂ ಅವನು ಕಲಿತದ್ದು ಬೆಂಗಳೂರಿನಲ್ಲಿ, ಚಪ್ಪಲಿ ಅಂಗಡಿ ನಡೆಸುತ್ತಿದ್ದ ಲಿಯಾಂಗ್ ಎಂಬ ಹಿರಿಯರಿಂದ. ಅವರ ಅಜ್ಜ ಚೀನಾದಿಂದ ಬಂದವರು. ಅಂಗಡಿಯಲ್ಲಿ ಕೆಲಸಕ್ಕಿದ್ದ ಅಂಬರೀಶನಿಗೆ ಅವರು ಮೈಮೇಲಿನ ಬಿಂದುಗಳನ್ನು ಒಂದೊಂದಾಗಿ ತೋರಿಸಿಕೊಟ್ಟರು. ಒತ್ತಿದರೆ ವಾಸಿಯಾಗುವ ಜಾಗವೇ ಹೊಡೆದರೆ ಕೆಡುತ್ತದೆ ಎಂದರು. ಏಟು ತಿಂದವನು ನಗುತ್ತಲೇ ಮನೆಗೆ ಹೋಗಿ, ಎಷ್ಟೋ ದಿನದ ಮೇಲೆ ಸಾಯುವಂಥ ಏಟೂ ಉಂಟೆಂದು ತಮ್ಮ ಅಜ್ಜ ಹೇಳುತ್ತಿದ್ದರು ಎಂದರು.

"ನಿಮಗೆ ಬರುತ್ತಾ ಮಾಸ್ಟರ್?"

"ಅದು ಕಥೆ ಕಣಪ್ಪ. ಯಾರಿಗೂ ಬರಲ್ಲ," ಎಂದು ನಕ್ಕುಬಿಟ್ಟಿದ್ದರು ಲಿಯಾಂಗ್.

ಅಂಬರೀಶ ತನ್ನ ಶಿಷ್ಯರಿಗೆ ಈ ಮಾತಿನ ಮೊದಲರ್ಧವನ್ನಷ್ಟೇ ಹೇಳಿದ. ಅದನ್ನು ಕೇಳುವಾಗ ಅವರ ಮುಖಗಳು ಬದಲಾಗುವ ರೀತಿ ಅವನಿಗೆ ಹಿತವಾಗಿತ್ತು. ಸುದ್ದಿ ಪೇಟೆಗೂ ಹಬ್ಬಿತು.

"ಯಾಕೆ ಇಲ್ಲದ್ದೆಲ್ಲ ಹೇಳ್ತೀಯ?" ಎಂದು ಹೆಂಡತಿ ತನುಜ ರೇಗಿದ್ದಳು.

"ಬರುತ್ತೆ ಅಂತ ನಾನೆಲ್ಲಿ ಹೇಳ್ದೆ? ಬರಲ್ಲ ಅಂತ ಹೇಳಿಲ್ಲ ಅಷ್ಟೆ. ಒಸಿ ಭಯ ಇದ್ರೆ ಮರ್ಯಾದೆ ಇರುತ್ತೆ ಕಣೇ."

ಮಹಡಿಯ ಕೆಳಗೆ ವೇಣುಗೋಪಾಲನ ಬಿತ್ತನೆಬೀಜದ ಅಂಗಡಿ. ಇಬ್ಬರೂ ಸ್ನೇಹಿತರು. ಆ ಬೇಸಿಗೆಯಲ್ಲಿ ವೇಣುಗೋಪಾಲನಿಗೆ ಎಡಭುಜದ ನೋವು ಶುರುವಾಗಿ, ಸಂಜೆಸಂಜೆ ಮೇಲೆ ಬಂದು ಒತ್ತಿಸಿಕೊಳ್ಳುತ್ತಿದ್ದ. ಒಂದು ದಿನ ಚಹಾ ಅಂಗಡಿ ಮುಂದೆ ಜನ ಸೇರಿದ್ದಾಗ ಅವನೇ ಕೆಣಕಿದ: "ಏನಪ್ಪಾ ಮಾಸ್ಟರೂ, ಆ ಸಾಯ್ಸೋ ಏಟು ನಂಗೊಂದು ಕೊಡು, ನೋಡಣ!"

ಅಂಬರೀಶ ಎರಡು ಬೆರಳು ಜೋಡಿಸಿ, ಅವನ ಎದೆಯ ಕೆಳಗೆ ಮೆಲ್ಲಗೆ ತಾಕಿಸಿದ. "ಮುಗೀತು. ಬರೋ ಹುಣ್ಣಿಮೆ ನೀನು ನೋಡಲ್ಲ."

ಎಲ್ಲರೂ ನಕ್ಕರು. ವೇಣುಗೋಪಾಲ್ ಎಲ್ಲರಿಗಿಂತ ಜೋರಾಗಿ ನಕ್ಕ. ಯಾರೋ ಅದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡರು.

ಹುಣ್ಣಿಮೆಗೆ ಮುಂಚೆಯೇ, ಮನೆಯಲ್ಲಿ ಬೆಳೆದ ರೇಷ್ಮೆಗೂಡು ಮಾರಲು ಶಿಡ್ಲಘಟ್ಟಕ್ಕೆ ಹೋಗಿದ್ದ ವೇಣುಗೋಪಾಲ್ ಮಾರುಕಟ್ಟೆಯಲ್ಲಿ ಕುಸಿದುಬಿದ್ದ. ಚಿಕ್ಕಬಳ್ಳಾಪುರದ ಆಸ್ಪತ್ರೆಯ ದಾರಿಯಲ್ಲೇ ಜೀವ ಹೋಯಿತು. ಹೆಣ ಮನೆಗೆ ಬರುವಷ್ಟರಲ್ಲಿ ವಿಡಿಯೋ ತಾಲ್ಲೂಕಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡುತ್ತಿತ್ತು. ಚಟ್ಟಕ್ಕೆ ಹೆಗಲು ಕೊಡಲು ಅಂಬರೀಶ ಮುಂದೆ ಬಂದಾಗ ಸತ್ತವನ ತಮ್ಮ ರಮೇಶ್‌ಬಾಬು ಅವನನ್ನು ಹಿಂದಕ್ಕೆ ತಳ್ಳಿದ.

"ಮುಟ್ಟಬೇಡ! ಕೈ ಜೇಬಲ್ಲಿ ಇಟ್ಕೊಂಡು ಅಲ್ಲೇ ನಿಂತ್ಕೋ!"

ಅಂಬರೀಶ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ನಿಂತ.

ಪೊಲೀಸರು ಕರೆಸಿದರು. ಹೃದಯದ ರಕ್ತನಾಳ ಕಟ್ಟಿಕೊಂಡು ಸಾವು, ಮೈಮೇಲೆ ಪೆಟ್ಟಿನ ಗುರುತಿಲ್ಲ ಎಂದು ಮರಣೋತ್ತರ ಪರೀಕ್ಷೆಯಲ್ಲಿ ಬಂದಿತ್ತು. ಬಿಟ್ಟು ಕಳಿಸಿದರು. ಊರಿನವರು ಮಾತ್ರ ಬಿಡಲಿಲ್ಲ. ಶಿಷ್ಯರು ಒಬ್ಬೊಬ್ಬರಾಗಿ ನಿಂತುಹೋದರು. ಬೆನ್ನು ಕೊಡುತ್ತಿದ್ದವರು ರಸ್ತೆಯಲ್ಲಿ ಅವನನ್ನು ಕಂಡರೆ ಬಳಸಿಕೊಂಡು ನಡೆದರು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿಯಿತು. ಅಪ್ಪ ಕಂಡ ದಿನಗಳು ಬೇರೊಂದು ಹೆಸರಿನಲ್ಲಿ ತನ್ನ ಮನೆಗೂ ಬಂದವೆಂದು ಅವನಿಗೆ ಅನ್ನಿಸಿತು. ಈ ಸಲ ಬಾಗಿಲು ತೆರೆದವನು ಮಾತ್ರ ತಾನೇ.

ಎಷ್ಟೋ ವಾರಗಳ ಮೇಲೆ ಒಬ್ಬ ಮಹಡಿ ಹತ್ತಿದ. ಕೈವಾರದ ಕಡೆಯವನು. ಅಂಬರೀಶ ಆಸೆಯಿಂದ ಎದ್ದು ಚಾಪೆ ಹಾಸಿದ. ಬಂದವನು ಕೂರಲಿಲ್ಲ. ದೂರದಲ್ಲೇ ನಿಂತು ಪಿಸುಗುಟ್ಟಿದ.

"ನಮ್ಮಣ್ಣನ್ನ ಒಂದ್ಸಲ ಮುಟ್ಟಿ ಬಂದ್ಬಿಡಿ ಸಾರ್. ಜಮೀನಿನ ತಕರಾರು. ಯಾರಿಗೂ ಗೊತ್ತಾಗಲ್ಲ."

ಅಂಬರೀಶ ಅವನನ್ನು ಬೈದು ಕಳಿಸಿದವನೇ ನೇರವಾಗಿ ವೇಣುಗೋಪಾಲನ ಮನೆಗೆ ನಡೆದ. ಸತ್ತವನ ಹೆಂಡತಿ ವರಲಕ್ಷ್ಮಿ ಬಾಗಿಲು ತೆರೆದು ಕುರ್ಚಿ ತೋರಿಸಿದಳು.

"ಅಕ್ಕ, ಆ ಏಟು ನಂಗೆ ಬರಲ್ಲ. ಯಾರಿಗೂ ಬರಲ್ಲ. ನಾನು ಕಟ್ಟಿದ ಸುಳ್ಳು ಅದು."

"ಗೊತ್ತಪ್ಪ. ಎರಡು ಬೆರಳಿಗೆ ಯಾರೂ ಸಾಯಲ್ಲ."

ಅವನಿಗೆ ಉಸಿರು ಬಂದಂತಾಯಿತು. ಆಕೆ ಸೆರಗನ್ನು ಮಡಿಲಲ್ಲಿ ಮಡಿಸುತ್ತಾ ಕೇಳಿದಳು.

"ಎಡಗಡೆ ಭುಜ ನೋವು ಅಂತ ದಿನಾ ನಿನ್ನ ಹತ್ರ ಬರ್ತಿದ್ರಲ್ಲ, ಒಂದ್ಸಲ ಡಾಕ್ಟರಿಗೆ ಎದೆ ತೋರಿಸ್ಕೋ ಅಂತ ಹೇಳ್ದ್ಯಾ?"

ಅಂಬರೀಶ ತನ್ನ ಹೆಬ್ಬೆರಳುಗಳನ್ನು ನೋಡಿಕೊಂಡ.

"ನಾನು ಹೇಳ್ದೆ. ಆಸ್ಪತ್ರೆಗೆ ಹೋಗಣ ಬನ್ನಿ ಅಂತ ದಮ್ಮಯ್ಯ ಹಾಕ್ದೆ. ಅಂಬರೀಶ ಒತ್ತಿದ್ರೆ ಹಾಯಾಗುತ್ತೆ ಕಣೇ ಅಂದ್ರು. ನೀನು ಹೇಳಿದ್ರೆ ಹೋಗ್ತಿದ್ರಪ್ಪ. ನನ್ನ ಮಾತು ಕೇಳ್ಲಿಲ್ಲ, ನಿನ್ನ ಮಾತು ಕೇಳ್ತಿದ್ರು."

ಒತ್ತಿಸಿಕೊಳ್ಳುವಾಗ ವೇಣುಗೋಪಾಲ್ ಬೆವರುತ್ತಿದ್ದ. ಬಿಸಿಲಿನ ಕಾಲವೆಂದು ಅಂಬರೀಶ ಫ್ಯಾನ್ ತಿರುಗಿಸಿಟ್ಟಿದ್ದ. ಹೃದಯದ ನೋವು ಎಡಭುಜಕ್ಕೆ, ಕೈಗೆ ಇಳಿಯುವುದನ್ನೂ ಲಿಯಾಂಗ್ ಹೇಳಿಕೊಟ್ಟಿದ್ದರು. ಆಗ ಅದು ಅವನಿಗೆ ನೆನಪಾಗಿರಲಿಲ್ಲ. ಆಕೆ ತಂದಿಟ್ಟ ನೀರನ್ನು ಕುಡಿಯದೆ ಎದ್ದು ಬಂದ.

ಮಹಡಿಯ ಕೋಣೆ ಬಿಟ್ಟುಕೊಟ್ಟು, ತನುಜಳನ್ನು ಕರೆದುಕೊಂಡು ಗೌರಿಬಿದನೂರಿಗೆ ಹೋದ. ಈಗ ಅಲ್ಲಿ ಗೋದಾಮೊಂದರ ಗೇಟಿನಲ್ಲಿ ಕಾವಲಿಗಿದ್ದಾನೆ. ಅಲ್ಲಿ ಯಾರಿಗೂ ಅವನ ಗುರುತಿಲ್ಲ.

ಮೊನ್ನೆ ಬೆಳಗ್ಗೆ ತನುಜಳ ಕತ್ತು ಉಳುಕಿಕೊಂಡಿತ್ತು. ಹಿಂದೆಲ್ಲ ಮಾಡುತ್ತಿದ್ದಂತೆ ಅವನ ಮುಂದೆ ಬಂದು, ಕೂದಲು ಒಂದು ಕಡೆ ಸರಿಸಿ ಕೂತಳು.

"ಒಸಿ ಒತ್ತು."

ಅವನು ಅವಳ ಕತ್ತನ್ನೇ ನೋಡಿದ. ಆಮೇಲೆ ಎದ್ದು ಬೈಕಿನ ಕೀ ತೆಗೆದುಕೊಂಡ.

"ಆಸ್ಪತ್ರೆಗೆ ಹೋಗಣ, ಏಳು."

"ಕತ್ತು ಉಳುಕಿದ್ದಕ್ಕಾ?"

ಅವನು ಆಗಲೇ ಹೊರಗೆ ಹೋಗಿ ಬೈಕು ಶುರು ಮಾಡಿದ್ದ. ತನುಜ ಕತ್ತು ಹಿಡಿದುಕೊಂಡು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದಳು.