ಬಾಗೂರಿನ ಹಾಡಿನೊಳಗಿನ ಕೆಮ್ಮು

ಸುಗುಣಮ್ಮನವರ ಕೊಡೆಗೆ ಏಳು ಕಡ್ಡಿಗಳಿದ್ದವು. ಎಂಟನೆಯದನ್ನು ಬಾಗೂರಿನ ನಾಯಿಯೊಂದು ಮುರಿದಿತ್ತು. ತಾವು ಮೊದಲ ಸಲ ಆ ಊರಿಗೆ ಹೋದಾಗ ಎದುರುಗೊಳ್ಳಲು ಬಂದದ್ದು ಆ ನಾಯಿ ಮಾತ್ರ ಎನ್ನುತ್ತಿದ್ದರು.

ಅವರು ಮೆಥಡಿಸ್ಟ್ ಸಭೆಯ ಬೈಬಲ್ ಬೋಧಕಿ. ಹಾಸನದಲ್ಲಿ ನಮ್ಮ ಮನೆಯ ಹೊರಕೋಣೆಯಲ್ಲಿದ್ದರು. ಯಾವ ಪಾದ್ರಿಯೂ ಕಾಲಿಡದಿದ್ದ ಬಾಗೂರಿನ ಕೇರಿಗೆ ಹನ್ನೆರಡು ವರ್ಷ, ವಾರಕ್ಕೊಮ್ಮೆ, ಚನ್ನರಾಯಪಟ್ಟಣದವರೆಗೆ ಬಸ್ಸಿನಲ್ಲಿ, ಅಲ್ಲಿಂದ ಸಿಕ್ಕಿದ ಗಾಡಿಯಲ್ಲಿ ಹೋದರು. ಅಲ್ಲಿನ ಹೆಂಗಸರಿಗೆ ಓದು ಬರುತ್ತಿರಲಿಲ್ಲ. ರಾಗಿ ಬೀಸುವವರ ಪಕ್ಕ ಕುಳಿತು ಇವರು ಒಂದೊಂದೇ ಸಾಲು ಹಾಡುವರು. ಅವರು ಇದ್ದದ್ದು ಇದ್ದ ಹಾಗೇ ತಿರುಗಿ ಹಾಡುವರು. ಎರಡನೆಯ ಸಾಲಿನ ಕೊನೆಗೆ ಸುಗುಣಮ್ಮನವರಿಗೆ ಉಸಿರು ಸಾಲದೆ ಕೆಮ್ಮು ಬರುತ್ತಿತ್ತು.

ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದಾಗ ಬಾಗೂರಿನಲ್ಲಿ ಹೆಂಚಿನ ಚರ್ಚು ಎದ್ದಿತು. ಇನ್ನು ಆ ಊರು ಹೊಸ ಪಾದ್ರಿಯವರಿಗೆ, ಸುಗುಣಮ್ಮನವರಿಗೆ ವಿಶ್ರಾಂತಿ ಎಂದು ಸಭೆಯಿಂದ ಕಾಗದ ಬಂದಾಗ ನಾನು ರಜೆಗೆ ಮನೆಗೆ ಬಂದಿದ್ದೆ. ಅವರು ಅದನ್ನು ಓದಿ, ಮಡಿಸಿ, ಬೈಬಲಿನೊಳಗಿಟ್ಟರು.

"ವಿಶ್ರಾಂತಿ ಅಂದ್ರೆ ಏನು ಮಾಡ್ಬೇಕು? ನೀನು ಓದಿದೋಳು, ಹೇಳು."

ಆ ವಾರವೆಲ್ಲ ಅವರು ಅರ್ಧ ಊಟಕ್ಕೇ ಏಳುತ್ತಿದ್ದರು.

ಚರ್ಚಿನ ಪ್ರಾರಂಭಕ್ಕೆ ನಾನೂ ಹೋದೆ. ಸುಗುಣಮ್ಮನವರು ಹಿಂದಿನ ಸಾಲಿನಲ್ಲಿ ಕುಳಿತರು. ಅವರಿಂದ ಎಲ್ಲರಿಗಿಂತ ಮೊದಲು ಹಾಡು ಕಲಿತ ಕೆಂಪಮ್ಮ ತಿರುಗಿ ನೋಡಿದಳು.

"ಇದ್ಯಾಕಮ್ಮಾ ಅಲ್ ಕೂತ್ಕಂಡೆ? ಮುಂದಕ್ ಬಾ."

"ಇನ್ಮೇಲೆ ಅಯ್ಯನೋರು ಹಾಡಿಸ್ತಾರೆ. ಸುಮ್ನೆ ತಿರುಗಿ ಕೂತ್ಕೊ."

"ಅವ್ರಿಗ್ ಬತ್ತದಾ?"

ಪಾದ್ರಿಯವರು ಹಾಡೆತ್ತಿದರು. ಎರಡನೆಯ ಸಾಲು ಮುಗಿಯುತ್ತಲೇ ಇಡೀ ಸಭೆ ಹಾಡು ನಿಲ್ಲಿಸಿತು. ಅವರೊಬ್ಬರೇ ಮೂರನೆಯ ಸಾಲಿನ ಅರ್ಧದವರೆಗೆ ಹೋಗಿ ಹಿಂದಿರುಗಿದರು. ಮತ್ತೆ ಎತ್ತಿದರು. ಸಭೆ ಮತ್ತೆ ಅಲ್ಲೇ ನಿಲ್ಲಿಸಿತು.

"ಯಾಕೆ ನಿಲ್ಲಿಸ್ತೀರಿ?"

"ಅದು ಕೆಮ್ಮೋ ಜಾಗ ಸಾ," ಎಂದಳು ಕೆಂಪಮ್ಮ. "ಅಮ್ಮ ಕೆಮ್ಮಾಗಂಟ ಮುಂದಕ್ ಓಗಾಕಿಲ್ಲ."

"ಎಲ್ಲ ಹಾಡಿನಲ್ಲೂ?"

"ಎಲ್ಲಾದ್ರಲ್ಲೂವೆ."

ಪಾದ್ರಿಯವರು ಹಿಂದಿನ ಸಾಲಿನತ್ತ ನೋಡಿದರು. "ಕಲಿಸಿದವರೇ ಇದನ್ನು ಬಿಡಿಸಬೇಕು. ಅಲ್ಲಿಯವರೆಗೆ ನೀವು ಬರುತ್ತಿರಿ."

"ಹಾಡು ನಲವತ್ತಿವೆ ಅಯ್ಯನವರೇ," ಎಂದರು ಸುಗುಣಮ್ಮನವರು. "ನಿಧಾನ ಆಗುತ್ತೆ."

ಅವರು ತೀರಿಕೊಳ್ಳುವವರೆಗೂ ಆ ಕೆಲಸ ಮುಗಿಯಲಿಲ್ಲ. ಬಾಗೂರಿನವರು ಮಂದಬುದ್ಧಿಯವರೆಂದು ಪಾದ್ರಿಯವರು ಕೊನೆಯವರೆಗೂ ನಂಬಿದ್ದರು. ನಾನು ಕಂಡದ್ದು ಮೊದಲ ಪಾಠವನ್ನು ಮಾತ್ರ. ಪ್ರಾರಂಭದ ದಿನ ನಾವಿಬ್ಬರೂ ಅಲ್ಲೇ ಉಳಿದೆವು. ಮರುದಿನ ಬೆಳಿಗ್ಗೆ ಸುಗುಣಮ್ಮನವರು ಕೆಂಪಮ್ಮನ ಬೀಸುಕಲ್ಲಿನ ಪಕ್ಕ ಕುಳಿತು, ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು ಎರಡು ಸಾಲು ಹಾಡಿದರು. ಉಸಿರು ಚೆನ್ನಾಗಿಯೇ ಇತ್ತು. ನನ್ನ ಕಡೆ ನೋಡದೆ, ಕೆಮ್ಮಿದರು.