ಹಪ್ಪಳ ಮುರಿಯದ ಏಟು

ಹೊಲಕ್ಕೆ ನುಗ್ಗುವ ಹಂದಿ ಓಡಿಸಲೆಂದು ಮೊಮ್ಮಗ ಹೊಸ ಬಡಿಗೆಯೊಂದನ್ನು ತಂದು, ಕುಸುಬಿ ಎಣ್ಣೆ ಹಚ್ಚಿ ಬಿಸಿಲಿಗೆ ಇಟ್ಟಿದ್ದ. ಕಾದ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ವಸ್ತಾದರು ನೆನಪಾದರು...

ಮಟಕಿ ಎಂಬ ಹಳ್ಳಿಯ ಪಕ್ಕದ ನಮ್ಮೂರ ಗರಡಿಯಲ್ಲಿ ನಮಗೆಲ್ಲ ಬಡಿಗೆ ತಿರುಗಿಸುವುದನ್ನು ಕಲಿಸಿದವರು ಅವರು. ಒಬ್ಬನ ತಲೆಯ ಮೇಲೆ ಸುಟ್ಟ ಹಪ್ಪಳ ಇಡಿಸುತ್ತಿದ್ದರು. ಇನ್ನೊಬ್ಬ ಪೂರ್ತಿ ಬಲದಿಂದ ಬಡಿಗೆ ಬೀಸಿ, ಹಪ್ಪಳ ಮುರಿಯದ ಹಾಗೆ ಅದರ ಮೇಲೆಯೇ ನಿಲ್ಲಿಸಬೇಕು. ಮುರಿದವನಿಗೆ ಗರಡಿಯ ಕಸ ಹೊಡೆಯುವ ಶಿಕ್ಷೆ. ನಾನು ಒಮ್ಮೆಯೂ ಕಸಬರಿಗೆ ಹಿಡಿದವನಲ್ಲ. ಆ ಜಂಬ ನೆತ್ತಿಗೇರಿತ್ತು.

ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದರೂ ನಮ್ಮ ಸೀಮೆ ಇನ್ನೂ ನಿಜಾಮನ ಕೈಯಲ್ಲಿತ್ತು. ಇಂದು ಆ ಊರು, ನಾಳೆ ಈ ಊರು ಎಂದು ಲೂಟಿಯ ಸುದ್ದಿ ಬರತೊಡಗಿತು. ಹಪ್ಪಳ ಸುಟ್ಟುಕೊಡುತ್ತಿದ್ದ ವಸ್ತಾದರ ಹೆಂಡತಿ ಒಂದು ದಿನ ಕೇಳಿಯೇ ಬಿಟ್ಟರು: "ಬರೇ ನಿಲ್ಲಿಸೋದ ಕಲಿಸ್ತೀರಿ. ಹೊಡಿಯೋದು ಯಾವಾಗ ಕಲಿಸ್ತೀರಿ?"

ಮರುದಿನ ಗರಡಿಯ ತೊಲೆಗೆ ಹೊಟ್ಟು ತುಂಬಿದ ಗೋಣಿಚೀಲ ನೇತಾಡುತ್ತಿತ್ತು. "ಜೋರಲೆ ಹೊಡೀರಿ, ನಿಲ್ಲಿಸಬ್ಯಾಡ್ರಿ," ಎಂದರು ವಸ್ತಾದರು. ಚೀಲ ಬಡಿಯಲು ಯಾರಿಗೆ ಬರುವುದಿಲ್ಲ? ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನು ಉಳಿಯಿತು? "ಇದೇನ್ರಿ ವಸ್ತಾದ್ರ, ಜ್ವಾಳ ಬಡಿಯಾಕತ್ತೇವೇನ್ರಿ?" ಎಂದೆ. ಉಳಿದವರು ಗೊಳ್ಳೆಂದು ನಕ್ಕರು. ವಸ್ತಾದರ ಮುಖ ಸಣ್ಣದಾಯಿತು. ಸಂಜೆಯೊಳಗೆ ಚೀಲ ಇಳಿಸಿಬಿಟ್ಟರು.

ಕೆಲವೇ ದಿನಗಳಲ್ಲಿ ಲೂಟಿಯವರು ಹಾಡಹಗಲೇ ನಮ್ಮೂರಿಗೂ ಬಂದರು. ಊರಬಾಗಿಲಲ್ಲಿ ಅಡ್ಡ ನಿಂತಿದ್ದ ವಸ್ತಾದರ ಮೇಲೆ ಒಬ್ಬ ಕೊಡಲಿ ಎತ್ತಿದ. ನಾನು ಅವನ ಮಗ್ಗುಲಲ್ಲೇ ಇದ್ದೆ. ಇದ್ದಬದ್ದ ಬಲವೆಲ್ಲ ಹಾಕಿ ಬಡಿಗೆ ಬೀಸಿದೆ... ಅದು ಅವನ ತಲೆಯ ಹತ್ತಿರ ಹೋಗಿ ನಿಂತುಬಿಟ್ಟಿತು. ನಾನು ನಿಲ್ಲಿಸಲಿಲ್ಲ, ಕೈ ತಾನಾಗಿಯೇ ನಿಂತಿತು. ಕೊಡಲಿ ನಿಲ್ಲಲಿಲ್ಲ. ವಸ್ತಾದರ ಬಲಗೈ ಅಂದೇ ಹೋಯಿತು.

ಊರವರು ನನ್ನನ್ನು ಬೈಯಲು ಹೊರಟಾಗ ಅವರೇ ತಡೆದರು: "ಅವಂದೇನೂ ತಪ್ಪಿಲ್ರಿ. ನಾ ಕಲಿಸಿದ್ದನ್ನ ಮಾಡ್ಯಾನ." ಚೀಲದ ಮಾತು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವರ ಹೆಂಡತಿ ತುತ್ತು ಮಾಡಿ ಅವರಿಗೆ ಉಣಿಸುವುದನ್ನು ನೋಡಲಾರದೆ ಆ ಓಣಿಯಲ್ಲಿ ಓಡಾಡುವುದನ್ನೇ ಬಿಟ್ಟೆ. ಗರಡಿಗೆ ಬೀಗ ಬಿತ್ತು. ಊರು ಅವರಿಗೆ 'ಹಪ್ಪಳದ ವಸ್ತಾದ' ಎಂದು ಹೆಸರಿಟ್ಟಿತು. ಆ ಹೆಸರು ಹೊತ್ತುಕೊಂಡೇ ಅವರು ತೀರಿಹೋದರು...

ಅವರನ್ನು ಕಣ್ಣಾರೆ ಕಂಡವರು ಈಗ ಊರಲ್ಲಿ ನಾನೊಬ್ಬನೇ. ಹೆಸರು ಮಾತ್ರ ಎಲ್ಲರ ಬಾಯಲ್ಲೂ ಇದೆ. ಮೊನ್ನೆ ಮೊಮ್ಮಗ ಕೇಳಿದ: "ಅಜ್ಜಾ, ಹಪ್ಪಳದ ವಸ್ತಾದಗ ಹೊಡಿಯೋದು ಕಲಿಸಾಕ ಬರ್ತಿದ್ದಿಲ್ಲಂತ, ಖರೇನು?"

ಹಾಗೆ ಕೇಳಿ ಅವನು ನಕ್ಕ. ಸುಳ್ಳಪ್ಪಾ, ಅವರು ಕಲಿಸಲು ಹೊರಟಿದ್ದರು, ನಾನೇ ಬಿಡಲಿಲ್ಲ ಎನ್ನಬೇಕಿತ್ತು. ನಾನೂ ನಕ್ಕೆ.